ಓಡದ ಗಾಲಿಯ ಮುಳ್ಳು

“ಟ್ಯೂಬಿಗೆ ತೇಪಿ ಹಚ್ಚೀದ್ಯೋ, ಹಣಿಗೆ ಇಬತ್ತಿ ಹಚ್ಚೀದ್ಯೋ, ಮಾವ? ಮೂರು ದಿನಕ್ಕ ಮೂರು ಸಲ ಗಾಳಿ ಹೋತಲ್ಲೋ!”

“ಬಾಯಿ ಮುಚ್ಚಲೇ ಹನಮ್ಯಾ! ನಾ ಹಚ್ಚಿದ ತೇಪಿ ಎದ್ದದ್ದನ್ನ ಒಬ್ಬರರ ತೋರಿಸಿದ್ರ ಈ ಪಂಪು ಒಯ್ದು ಬಾವ್ಯಾಗ ಒಗೀತೇನಿ.”

“ಮತ್ತ ಗಾಳಿ ಎಲ್ಲಿಗೆ ಹೋತು? ನಿನ್ನ ಸಿಟ್ಟಿಗೆ ಅಂಜಿ ಓಡಿಹೋತೇನು?”

ಪಕ್ಕದ ಖೈರುನಬಿಯ ಚಾದಂಗಡಿಯಲ್ಲಿ ಕೂತಿದ್ದವರು ಗೊಳ್ಳೆಂದು ನಕ್ಕರು. ಆ ನಗು ಅಮಸಿದ್ದಪ್ಪನ ಬೆನ್ನಿಗೆ ಕೆಂಡ ತಾಗಿದಂತೆ ತಾಗಿತು. ಹುನಗುಂದದ ಮೋಟಾರ್ ಸ್ಟ್ಯಾಂಡಿನ ಎದುರು ತಗಡಿನ ಅಂಗಡಿ ಹಾಕಿಕೊಂಡು ಅವನಿಗೆ ಇಪ್ಪತ್ತೆರಡು ವರ್ಷವಾಗಿತ್ತು. ಸೈಕಲ್ಲಿನಿಂದ ಹಿಡಿದು ಲಾರಿಯವರೆಗೆ ಅವನ ಕೈಯಲ್ಲಿ ಹಾದುಹೋಗದ ಟ್ಯೂಬು ಆ ತಾಲೂಕಿನಲ್ಲಿ ಇರಲಿಲ್ಲ. ನಕ್ಕವರ ಗಾಡಿಗಳೂ ಅವನ ತೇಪೆಯ ಮೇಲೆಯೇ ಓಡುತ್ತಿದ್ದವು.

ಹನಮಪ್ಪ ಪರಕೀಯನಲ್ಲ. ಅಕ್ಕನ ಮಗ, ಎರಡು ವರ್ಷದಿಂದ ಅಳಿಯ. ಆರು ವರ್ಷ ದಂಡಿನಲ್ಲಿದ್ದು ಕಾಗದಪತ್ರ ಹೊತ್ತು ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಓಡಿಸಿದವನು. ಬಿಟ್ಟು ಬರುವಾಗ ಬೆಳಗಾವಿಯಲ್ಲಿ ದಂಡಿನವರ ಹರಾಜಿನಿಂದ ಅಂಥದೇ ಒಂದನ್ನು ಹಿಡಿದುಕೊಂಡು ಬಂದಿದ್ದ. ಹಗುರಾಗಲಿ ಎಂದು ಅದರ ದೀಪ, ಗಾಲಿಯ ಮೇಲಿನ ತಗಡು, ಹಿಂದಿನ ಸೀಟು ಎಲ್ಲ ಬಿಚ್ಚಿ ಒಗೆದಿದ್ದ. ಉಳಿದದ್ದು ಇಂಜಿನ್ನು, ಎರಡು ಗಾಲಿ, ಮೇಲೆ ಇವನು. ಬಾಗಲಕೋಟೆಯ ನಾಲ್ಕು ಜನ ಉಳ್ಳವರು ಸೇರಿ ಬಾದಾಮಿಯ ಆಚೆ ಕಲ್ಲುಗುಡ್ಡದಲ್ಲಿ ಫಟಫಟಿಗಳ ಓಟದ ಶರ್ತು ಇಟ್ಟಿದ್ದರು. ರಸ್ತೆ ಇಲ್ಲ. ಹಳ್ಳ ದಾಟಿ, ಬಂಡೆ ಏರಿ, ಆ ಕಡೆಯ ಇಳುಕಲಿನಲ್ಲಿ ಇಳಿದು ಮೂರು ಸುತ್ತು. ಶರ್ತು ಇವತ್ತೇ ಮಧ್ಯಾಹ್ನ ಮೂರು ಗಂಟೆಗೆ. ಗಾಲಿಯ ಕೆಲಸಕ್ಕೆಂದು ಹನಮಪ್ಪ ಹೆಂಡತಿಯನ್ನೂ ಕರೆದುಕೊಂಡು ಮೂರು ದಿನದ ಹಿಂದೆ ಮಾವನ ಮನೆಗೆ ಬಂದಿದ್ದ. ಮರುದಿನದಿಂದ ದಿನಾ ಬೆಳಿಗ್ಗೆ ಮುಂದಿನ ಗಾಲಿ ನೆಲಕ್ಕೆ ಕುಸಿದಿರುತ್ತಿತ್ತು.

ಅಮಸಿದ್ದಪ್ಪ ಮಾತು ಬಿಟ್ಟು ಗಾಲಿ ಕಳಚಿದ. ಕಬ್ಬಿಣದ ಪಟ್ಟಿ ತೂರಿಸಿ ಟೈರಿನ ಅಂಚು ಎಬ್ಬಿಸಿ, ಟ್ಯೂಬು ಎಳೆದು, ಗಾಳಿ ತುಂಬಿ ನೀರಿನ ಬೋಗುಣಿಯಲ್ಲಿ ಮುಳುಗಿಸಿದ. ಮೊನ್ನೆಯ ತೇಪೆ ಗಟ್ಟಿಯಾಗಿತ್ತು. ನಿನ್ನೆಯದೂ ಗಟ್ಟಿಯಾಗಿತ್ತು. ಗೇಣು ದೂರದಲ್ಲಿ ಹೊಸದೊಂದು ತೂತಿನಿಂದ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು.

“ನೋಡಲೇ. ನನ್ನ ತೇಪಿ ಎದ್ದಿಲ್ಲ. ಹೊಸಾ ತೂತು.”

“ದಿನಾ ಹೊಸಾ ತೂತು ಬೀಳೂದು ಯಾಕ? ಒಳಗಿನ ಮುಳ್ಳು ತಗೀದ ಹಾಂಗ ಟೈರು ಮುಚ್ಚೀದಿ.”

ಇದು ಬೈಗುಳಕ್ಕಿಂತ ಕೆಟ್ಟ ಮಾತು. ಅಮಸಿದ್ದಪ್ಪನ ಅಂಗಡಿಯಲ್ಲಿ ಒಂದು ನೇಮವಿತ್ತು. ತೂತು ಮಾಡಿದ ಮುಳ್ಳು ಸಿಕ್ಕುವವರೆಗೆ ಟೈರು ಮುಚ್ಚುವುದಿಲ್ಲ. ಸಿಕ್ಕ ಮುಳ್ಳನ್ನು ಗಾಡಿಯ ಧಣಿಯ ಅಂಗೈಯಲ್ಲಿ ಇಟ್ಟೇ ಕಳಿಸುವುದು. ಮೊನ್ನೆಯೂ ಇಟ್ಟಿದ್ದ, ನಿನ್ನೆಯೂ ಇಟ್ಟಿದ್ದ. ಹನಮಪ್ಪ ಎರಡನ್ನೂ ನೋಡದೆ ಬೀದಿಗೆ ಎಸೆದಿದ್ದ.

ಟೈರಿನ ಒಳಗೆ ಬೆರಳಾಡಿಸಿದ. ಮುಳ್ಳಿನ ತುದಿ ತಾಗಿತು. ಇಕ್ಕಳದಿಂದ ಹಿಡಿದು ಹೊರಗಿನಿಂದ ಕಿತ್ತ. ಜಾಲಿಯ ಮುಳ್ಳು. ಅಳಿಯನ ಅಂಗೈಗೆ ಇಡಲು ಹೋದ ಕೈ ನಡುವೆಯೇ ನಿಂತಿತು.

ಓಡುವ ಗಾಲಿಗೆ ಹತ್ತಿದ ಮುಳ್ಳಿನ ತಲೆ ಉಳಿಯುವುದಿಲ್ಲ. ಎರಡು ಸುತ್ತು ಉರುಳುವುದರೊಳಗೆ ಮುರಿದು, ಸವೆದು, ಮಣ್ಣು ಹತ್ತಿ ಕಪ್ಪಗಾಗಿ ರಬ್ಬರಿಗೆ ಸಮನಾಗುತ್ತದೆ. ಈ ಮುಳ್ಳಿನ ತಲೆ ಜೋಳದ ಕಾಳಿನಷ್ಟು ಹೊರಗೆ ಉಳಿದಿತ್ತು. ಬೆಳ್ಳಗಿತ್ತು, ಗಿಡದಿಂದ ಕಿತ್ತಲ್ಲಿ ಇನ್ನೂ ಹಸಿ ಇತ್ತು. ಗಾಲಿ ನಿನ್ನೆ ಸಂಜೆಯಿಂದ ಒಳಗಿನ ಅಂಗಳದಲ್ಲಿ ನಿಂತದ್ದು ನಿಂತಂತೆ ಇತ್ತು. ನಿಂತ ಗಾಲಿಗೆ ಮುಳ್ಳು ತಾನಾಗಿ ನಡೆದು ಬರುವುದಿಲ್ಲ.

ಅವನು ತಲೆಯೆತ್ತಿದ. ಅಂಗಡಿಯಿಂದ ಮನೆಯೊಳಕ್ಕೆ ಹೋಗುವ ಬಾಗಿಲಲ್ಲಿ ಶಾರವ್ವ ನಿಂತಿದ್ದಳು. ಅವನ ಒಬ್ಬಳೇ ಮಗಳು. ಆರು ವರ್ಷದವಳಿದ್ದಾಗಲೇ ಟ್ಯೂಬನ್ನು ಕೆನ್ನೆಗೆ ಹಿಡಿದು, ನೀರಿನಲ್ಲಿ ಕಾಣದ ತೂತನ್ನೂ ಹುಡುಕಿ ಕೊಡುತ್ತಿದ್ದವಳು. ಅಪ್ಪನ ಕೈಯಲ್ಲಿದ್ದ ಮುಳ್ಳನ್ನು ನೋಡಿದಳು, ಅಪ್ಪನ ಮುಖ ನೋಡಿದಳು. ಬ್ಯಾಡ ಎನ್ನುವಂತೆ ಒಂದೇ ಸಲ ತಲೆ ಆಡಿಸಿದಳು.

ಅವಳ ಮಾತು ಅವನು ನಡೆಸುತ್ತಿದ್ದನೇನೋ. ಮುಳ್ಳನ್ನು ಮುಷ್ಟಿಯಲ್ಲಿ ಮುಚ್ಚಿಯೂ ಇದ್ದ. ಅಷ್ಟರಲ್ಲಿ ಹನಮಪ್ಪ ಚಾದಂಗಡಿಯ ಕಡೆಗೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದ:

“ಮುದುಕಾದ ನಮ್ಮ ಮಾವ. ಕೈ ಹೋಗ್ಯಾವು. ಇಲಕಲ್ಲಿಗೆ ಒಯ್ದಿದ್ರ ಛಲೋ ಆಗ್ತಿತ್ತು.”

“ಯಾರ ಕೈ ಹೋಗ್ಯಾವಲೇ?” ಅಮಸಿದ್ದಪ್ಪ ಎದ್ದು ನಿಂತ. ಮುಳ್ಳನ್ನು ಅವನ ಮುಖಕ್ಕೆ ಹಿಡಿದ. “ಇದರ ತಲಿ ನೋಡು! ಹಸಿ ಐತಿ! ಇದು ಹಾದ್ಯಾಗ ಹತ್ತಿದ್ದಲ್ಲ, ರಾತ್ರಿ ಚುಚ್ಚಿದ್ದು. ನನ್ನ ಕೈ ಕೇಳಬ್ಯಾಡ, ನಿನ್ನ ಹೇಣ್ತಿ ಕೈ ಕೇಳು!”

ಹೇಳಿದ ಮೇಲೆ ಚಾದಂಗಡಿಯಲ್ಲಿ ಯಾರೂ ನಗಲಿಲ್ಲ. ಖೈರುನಬಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

ಹನಮಪ್ಪ ಹೆಂಡತಿಯ ಕಡೆ ತಿರುಗಿದ. “ಖರೇನ?”

“ಖರೆ,” ಎಂದಳು ಶಾರವ್ವ. “ಮೂರೂ ಸಲ ನಾನ ಚುಚ್ಚೇನಿ. ಹ್ವಾದ ಐತವಾರ ನೀ ತಾಲೀಮು ಮಾಡೂದು ನೋಡಾಕ ಬಂದಿದ್ನೆಲ್ಲಾ, ಆ ಇಳುಕಲಿನ್ಯಾಗ ಬಾಗಲಕೋಟಿಯಾಂವ ಬಿದ್ದ. ಬಾಗಲದ ಹಲಗಿ ಮ್ಯಾಲ ಹಾಕ್ಕೊಂಡು ಹೋದ್ರು. ನನ್ನ ಮುಂದನ ಹಾದು ಹೋದ್ರು. ಕಣ್ಣು ತಗದಿದ್ದ, ನೀರು ಬೇಡತಿದ್ದ. ಕಾಲು ಅವನ ಮಾತು ಕೇಳತಿದ್ದಿಲ್ಲ. ನೀ ನಕ್ಕು, ಅಂವಗ ಫಟಫಟಿ ಹೊಡಿಯಾಕ ಬರೂದಿಲ್ಲ ಅಂದಿ.”

“ಬರತಿದ್ದಿಲ್ಲ ಅಂವಗ.”

“ಅವನ ಹೇಣ್ತೀನೂ ಅಲ್ಲೇ ಇದ್ಳು. ಆಕೀಗೂ ಹಂಗ ಹೇಳಿ ಬಾ ಹೋಗು.”

ಹನಮಪ್ಪ ಮಾವನ ಕಡೆ ತಿರುಗಿದ. ಸಿಟ್ಟಿನಿಂದ ಕೂಗಾಡಿದ್ದರೆ ಅಮಸಿದ್ದಪ್ಪನಿಗೆ ಸಮಾಧಾನವಾಗುತ್ತಿತ್ತು. ಆದರೆ ಅಳಿಯನ ದನಿ ಇಳಿದುಬಿಟ್ಟಿತು. “ಹುಬ್ಬಳ್ಳಿಯಿಂದ ತಂದ ಹೊಸಾ ಟ್ಯೂಬು ಪೆಟಗ್ಯಾಗ ಐತಿ. ಅದನ್ನ ಹಾಕು, ಮಾವ. ನನ್ನ ಕಣ್ಣ ಮುಂದ ಹಾಕು. ಈ ಮನ್ಯಾಗ ನಂಬೂದು ಮುಗೀತು.”

“ಎಪ್ಪಾ, ಹಾಕಬ್ಯಾಡ,” ಎಂದಳು ಶಾರವ್ವ. “ಒಂದು ಕೊಯ್ತ ಕೊಯ್ದು ಒಗಿ ಅದನ್ನ. ಇನ್ನೊಂದು ಸಿಗೂದ್ರಾಗ ಶರ್ತು ಮುಗದಿರತೈತಿ.”

“ನೀ ಒಳಗ ನಡಿ! ಮಾಡಿದ್ದು ಸಾಲಲಿಲ್ಲೇನು? ಹೊಟ್ಟೀಗೆ ಅನ್ನ ಕೊಟ್ಟ ಕೆಲಸಕ್ಕ ಮಣ್ಣು ಹಾಕೀದಿ!”

ಮಗಳ ಮೇಲೆ ಸಿಟ್ಟು, ಅಳಿಯನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಆಡಿಬಿಟ್ಟ ಮಾತಿನ ಮೇಲೆ ಸಿಟ್ಟು. ಅದೇ ಸಿಟ್ಟಿನಲ್ಲಿ ಕೂತು ಹೊಸ ಟ್ಯೂಬಿಗೆ ಸೀಮೆಸುಣ್ಣದ ಪುಡಿ ಸವರಿ ಟೈರಿನೊಳಗೆ ಸೇರಿಸಿದ. ಹನಮಪ್ಪ ತಲೆಯ ಮೇಲೇ ನಿಂತಿದ್ದ. ಅವನ ನೆರಳು ಗಾಲಿಯ ಮೇಲೆ ಬಿದ್ದಿತ್ತು. “ಲಗೂ, ಮಾವ, ಲಗೂ. ಬಿಸಲು ಏರಾಕತ್ತೈತಿ.” ಕೊನೆಯ ಗೇಣು ಅಂಚನ್ನು ರಿಮ್ಮಿನೊಳಗೆ ಕೂಡಿಸುವುದೇ ಕಷ್ಟದ ಕೆಲಸ. ಬೇರೆ ದಿನವಾಗಿದ್ದರೆ ಕೈಯಿಂದ ಒತ್ತಿ ಒತ್ತಿ ಕೂಡಿಸುತ್ತಿದ್ದ. ಇವತ್ತು ಪಟ್ಟಿ ಹಾಕಿ ಮೀಟಿದ. ಪಟ್ಟಿಯ ಕೆಳಗೆ ಏನೋ ಮೆತ್ತಗೆ ಸಿಕ್ಕಂತಾಗಿ ಬಿಟ್ಟಿತು. ಒಂದು ಕ್ಷಣದ ಕೆಲಸ. ಪಂಪು ಹಿಡಿದು ಗಾಳಿ ತುಂಬಿದ. ಗಾಳಿ ನಿಂತಿತು.

ಗಾಲಿ ಕೂಡಿಸಿ, ನೆಲದಿಂದ ಎತ್ತಿ ತಿರುಗಿಸಿ ನೋಡಿದ. ಟೈರಿನ ಅಂಚಿನ ಉದ್ದಕ್ಕೂ ಓಡುವ ಗೆರೆ ಎಲ್ಲ ಕಡೆ ಸಮನಾಗಿದ್ದು ಒಂದು ಕಡೆ ನಾಲ್ಕು ಬೆರಳಿನಷ್ಟು ಎದ್ದಿತ್ತು. ಟ್ಯೂಬಿನ ಮಡಿಕೆ ಅಂಚಿಗೂ ಕಬ್ಬಿಣಕ್ಕೂ ನಡುವೆ ಕಚ್ಚಿಕೊಂಡಿತ್ತು. ಹೀಗೆ ಕಚ್ಚಿದ ಟ್ಯೂಬು ನಿಂತಾಗ ಗಾಳಿ ಬಿಡುವುದಿಲ್ಲ. ರಸ್ತೆಯ ಮೇಲೂ ಬಿಡಲಿಕ್ಕಿಲ್ಲ. ಕಲ್ಲಿಗೆ ಬಡಿದು ಬಡಿದು, ಕಬ್ಬಿಣ ಕೊರೆದು ಕೊರೆದು, ಇಳುಕಲಿನಲ್ಲಿ ಎಲ್ಲೋ ಒಂದೇ ಸಲ ಹರಿಯುತ್ತದೆ. ಅದೂ ಮುಂದಿನ ಗಾಲಿ.

ಎಲ್ಲರ ಮುಂದೆ ತನ್ನ ಕೈ ತಪ್ಪಿತೆಂದು ಹೇಳುವುದಕ್ಕೆ ಅವನ ನಾಲಿಗೆ ಹೊರಳಲಿಲ್ಲ. ಗಾಲಿಯನ್ನು ಇನ್ನೊಮ್ಮೆ ತಿರುಗಿಸಿದ; ಗೆರೆ ಅಲ್ಲೇ ಎದ್ದಿತ್ತು. ಆಮೇಲೆ ಹೇಳಿದ.

“ತಡಿ. ಇನ್ನೊಮ್ಮೆ ಬಿಚ್ಚತೇನಿ. ನಂದ ತಪ್ಪಾತು. ಟ್ಯೂಬು ಕಚ್ಚೇತಿ.”

ಬಾಗಿಲಲ್ಲಿದ್ದ ಶಾರವ್ವನ ಮುಖ ಅರಳಿತು. ಅಪ್ಪ ತನಗೋಸ್ಕರ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡು ಅವಳು ಕಣ್ಣಲ್ಲಿ ನೀರು ತಂದು, ಅವನಿಗೆ ಎರಡೂ ಕೈ ಮುಗಿದಳು. ಹನಮಪ್ಪ ಅದನ್ನು ನೋಡಿದ.

“ಹಾಂ,” ಎಂದ. “ಈಗ ತಿಳೀತು.”

“ಖರೆ ಹೇಳತೇನಿ ಲೇ! ಗೆರಿ ನೋಡಿಲ್ಲಿ, ಎದ್ದೈತಿ!”

ಹನಮಪ್ಪ ಟೈರನ್ನು ಬೂಟಿನಿಂದ ಒದ್ದ; ಕಲ್ಲಿನಂತಿತ್ತು. ಬೆರಳಿಗೆ ಉಗುಳು ಹಚ್ಚಿ ವಾಲ್ವಿನ ಬಾಯಿಗಿಟ್ಟ, ಗುಳ್ಳೆ ಬರಲಿಲ್ಲ. “ಎಲ್ಲೈತಿ? ಇಪ್ಪತ್ತೆರಡು ವರ್ಷ ತಪ್ಪದ ಕೈ ಇವತ್ತ ತಪ್ಪಿತು, ಹೌದಿಲ್ಲೋ? ಈಗಿನ್ನ ಬಾವ್ಯಾಗ ಪಂಪು ಒಗಿಯಾಂವ ಇದ್ದಿ.”

“ನನ್ನ ಮಾನ ಹಾಳಾಗಿ ಹೋಗ್ಲಿ. ಅರ್ಧಾ ತಾಸು ಕೊಡು.”

“ಅರ್ಧಾ ತಾಸು ಅಂತೀದಿ, ಆಮ್ಯಾಲ ಪಟ್ಟಿ ಜಾರಿ ಟ್ಯೂಬು ಹರೀತು ಅಂತೀದಿ. ಮಗಳು ಮುಳ್ಳಿಲೆ ತಡದ್ಳು, ನೀ ಮಾತಿಲೆ ತಡೀತಿ. ಅಷ್ಟ ಫರಕು.”

ಅಮಸಿದ್ದಪ್ಪ ಬಗ್ಗಿ ವಾಲ್ವಿಗೆ ಕೈ ಹಾಕಿದ, ಗಾಳಿಯನ್ನೇ ಬಿಟ್ಟುಬಿಡಬೇಕೆಂದು. ಹನಮಪ್ಪ ಅವನ ಮಣಿಕಟ್ಟು ಹಿಡಿದು ತಿರುವಿ ಹಿಂದಕ್ಕೆ ನೂಕಿದ. ನೀರಿನ ಬೋಗುಣಿ ಮಗುಚಿತು. ಚಾದಂಗಡಿಯವರು ನಡುವೆ ಬಂದು ಹಿಡಿದದ್ದು ಅಳಿಯನನ್ನಲ್ಲ, ಮಾವನನ್ನು. “ಬಿಡೋ ಅಮಸಿದ್ದಣ್ಣ, ಹುಡುಗ ಹೊಂಟಾನ, ಅಪಶಕುನ ಮಾಡಬ್ಯಾಡ.”

“ಬಿಡ್ರಿ ನನ್ನ! ಟ್ಯೂಬು ಕಚ್ಚೇತ್ರಿ! ಯಾರರ ಹಿಡೀರಿ ಅವನ್ನ!”

ಯಾರೂ ಹಿಡಿಯಲಿಲ್ಲ. ಬೆಳಗ್ಗೆಯಿಂದ ಅಮಸಿದ್ದಪ್ಪ ಕೂಗುತ್ತಲೇ ಇದ್ದ. ಈ ಕೂಗು ಬೇರೆ ಎಂದು ಅವರಿಗೆ ಗೊತ್ತಾಗುವುದಾದರೂ ಹೇಗೆ?

ಹನಮಪ್ಪ ಗಾಡಿಯನ್ನು ಬೀದಿಗೆ ತಳ್ಳಿದ. ಹೆಂಡತಿಯ ಕಡೆ ನೋಡಲಿಲ್ಲ. ಒದ್ದ ಎರಡನೆಯ ಪೆಟ್ಟಿಗೆ ಇಂಜಿನ್ನು ಹೊತ್ತಿಕೊಂಡಿತು. ಬಾದಾಮಿಗೆ ಹೋಗುವ ಕಮತಗಿಯ ಹಾದಿಯ ಧೂಳು ಎದ್ದು ಅವನನ್ನು ಮುಚ್ಚಿತು.

ಶಾರವ್ವ ಮೆಲ್ಲಗೆ ಅಪ್ಪನ ಹತ್ತಿರ ಬಂದಳು. “ಇರ್ಲಿ ಬಿಡು, ಎಪ್ಪಾ. ನನ್ನ ಸಲುವಾಗಿ ನೀ ಮಾಡೂದು ಮಾಡಿದಿ.” ಆಮೇಲೆ ಅವನ ಮುಖವನ್ನು ಸರಿಯಾಗಿ ನೋಡಿದಳು. “ಎಪ್ಪಾ? ಸುಳ್ಳ ಹೇಳಿದೆಲ್ಲಾ ನೀ?”

ಅಮಸಿದ್ದಪ್ಪ ಇಲ್ಲವೆನ್ನುವಂತೆ ಒಂದೇ ಸಲ ತಲೆ ಆಡಿಸಿದ. ಶಾರವ್ವ ಒಮ್ಮೆಲೇ ತಿರುಗಿ ಖೈರುನಬಿಯ ಕಡೆ ಕೂಗಿದಳು. “ಬಾದಾಮಿ ಮೋಟಾರ್ ಯಾವಾಗ ಐತಿ, ಚಾಚಿ?”

“ಎಂಟಕ್ಕ ಹೋತವ್ವ. ಇನ್ನ ಸಂಜೀಕ.”

ಫಟಫಟಿಯ ಸದ್ದು ಇನ್ನೂ ಕೇಳುತ್ತಿತ್ತು. ದಿಬ್ಬ ಇಳಿಯುವಾಗ ಸಣ್ಣದಾಯಿತು, ಏರುವಾಗ ಒಮ್ಮೆ ದೊಡ್ಡದಾಯಿತು, ಮತ್ತೆ ದೂರವಾಗಿ ಕೇಳದಾಯಿತು. ಮಧ್ಯಾಹ್ನ ಶರ್ತಿನ ಇಳುಕಲಿನಲ್ಲಿ ಆ ಟ್ಯೂಬು ಹರಿಯಿತು. ಹನಮಪ್ಪ ಆ ಹಾದಿಯಲ್ಲಿ ಜೀವಂತ ತಿರುಗಿ ಬರಲಿಲ್ಲ.