ಎಡಗಡೆಯ ಕಲೆ

ಫ್ಲಾಸ್ಕಿನಲ್ಲಿ ಇನ್ನು ಎರಡು ಬೆರಳಿನಷ್ಟು ದ್ರಾವಕ ಆವಿಯಾಗುವುದು ಬಾಕಿ ಇತ್ತು. ಬಿಸಿನೀರಿನ ತೊಟ್ಟಿಯಲ್ಲಿ ತಿರುಗುತ್ತಿದ್ದ ಅದನ್ನೇ ನೋಡುತ್ತ ಮನೋಹರ ನಿಂತಿದ್ದ. ಅದರಲ್ಲಿ ಬೇರಿನ ರಸವಿರಲಿಲ್ಲ, ಎಲೆಯ ರಸವಿರಲಿಲ್ಲ. ಕಿಟಕಿ ಪಕ್ಕದ ಪ್ಲಾಸ್ಟಿಕ್ ಕ್ಯಾನಿನಿಂದ ಒಂದು ಲೀಟರ್ ಅಳೆದು ಸುರಿದ ಬರಿಯ ದ್ರಾವಕ. ಎಲ್ಲ ಆವಿಯಾದ ಮೇಲೆ ತಳದಲ್ಲಿ ಏನಾದರೂ ಉಳಿಯಲಿ ಎಂದು ಅವನು ಬಯಸುತ್ತಿದ್ದ. ಹಾಗೆ ಬಯಸುತ್ತಿದ್ದೇನೆ ಎಂದು ತನಗೇ ಗೊತ್ತಾದಾಗ ಕುತ್ತಿಗೆ ಬಿಸಿಯಾಯಿತು. ಪರೀಕ್ಷೆ ಮಾಡುವುದು ತಪ್ಪಲ್ಲ, ಯಾರಾದರೂ ಮಾಡಲೇಬೇಕಾದದ್ದು ಎಂದು ಮತ್ತೊಮ್ಮೆ ಹೇಳಿಕೊಂಡ.

ಸೋಮವಾರ ಸಿಂಧೂರ ತನ್ನ ಸಂಶೋಧನೆಯನ್ನು ಪ್ರಯೋಗಾಲಯದ ಮುಖ್ಯಸ್ಥರಾದ ಏಕನಾಥ ಸರ್ ಎದುರು, ಔಷಧ ಕಂಪನಿಯವರ ಎದುರು ತೋರಿಸುವವಳಿದ್ದಳು. ಒಂದು ಬಳ್ಳಿಯ ಬೇರಿನಿಂದ ಅವಳು ತೆಗೆದ ವಸ್ತು, ಯಾವ ಮದ್ದಿಗೂ ಬಗ್ಗದ ರೋಗಾಣುವನ್ನು ಕೊಂದಿತ್ತು. ಅವಳು ಮೈಸೂರಿನಿಂದ ಪುಣೆಗೆ ಬಂದು ಎರಡು ವರ್ಷವೂ ಆಗಿರಲಿಲ್ಲ.

ಆ ಬೇರನ್ನು ಮೊದಲು ಪ್ರಯೋಗಾಲಯಕ್ಕೆ ತಂದವನು ಮನೋಹರ. ಹಿಂಜವಾಡಿಯ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ ಅವನ ಚಿಗವ್ವ ಹುಲಿಗೆವ್ವ, ಮೊಳೆ ಚುಚ್ಚಿ ಕೀವಾದ ಕಾಲಿಗೆಲ್ಲ ಅದನ್ನೇ ಅರೆದು ಕಟ್ಟುತ್ತಿದ್ದಳು. ಆರು ವರ್ಷದ ಹಿಂದೆ ಅವನು ಅದನ್ನು ಸರ್ ಮೇಜಿನ ಮೇಲಿಟ್ಟಾಗ ಅವರು ಮುಟ್ಟಿಯೂ ನೋಡಲಿಲ್ಲ. ನಕ್ಕು, ಗಾಜಿನ ಸಾಮಾನು ತೊಳೆದಾಯಿತೇ ಎಂದು ಕೇಳಿದರು. ಕಳೆದ ವರ್ಷ ಚಹಾ ಕುಡಿಯುವಾಗ ಮನೋಹರ ಆ ಬೇರಿನ ವಿಷಯವನ್ನು ಸಿಂಧೂರಳಿಗೆ ಹೇಳಿದ. ಮರುವಾರವೇ ಅವಳು ಅವನ ಜೊತೆ ಸೈಟಿಗೆ ಬಂದು, ಹುಲಿಗೆವ್ವನ ಹಿಂದೆ ಗುಡ್ಡ ಹತ್ತಿ, ಹೂವಿದ್ದ ಬಳ್ಳಿಯನ್ನು ಹಳೇ ಪೇಪರಿನ ನಡುವೆ ಒತ್ತಿಟ್ಟುಕೊಂಡು ಹೋದಳು. ಈ ಬೇರಿನ ಮೇಲೆ ಕೆಲಸ ಮಾಡಲೇ ಎಂದು ಅವಳು ಕೇಳಿದಾಗ ಸರ್ ನಗಲಿಲ್ಲ.

ನಿನ್ನೆ ಅವಳು ಸೋಮವಾರದ ಸ್ಲೈಡುಗಳನ್ನು ಅವನಿಗೆ ತೋರಿಸಿದ್ದಳು. ಎರಡನೆಯದರಲ್ಲಿ ಬಳ್ಳಿಯ ಚಿತ್ರವಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಮಾಹಿತಿ ಕೊಟ್ಟವರು: ಸ್ಥಳೀಯರು. ಹಗಲು ಇದೇ ಗಾಜು ತೊಳೆದು, ಶಿವಾಜಿನಗರದ ಸಂಜೆ ಕಾಲೇಜಿನಲ್ಲಿ ಐದು ವರ್ಷ ಕೂತು ಬಿ.ಎಸ್ಸಿ. ಮಾಡಿದ್ದ ಮನೋಹರ ಅದನ್ನು ಎರಡು ಸಲ ಓದಿದ. ಊರು ಬಿಟ್ಟು ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಪುಣೆಯ ಯಾರೂ ಅವನನ್ನು ಸ್ಥಳೀಯ ಎಂದಿರಲಿಲ್ಲ.

"ಛಲೋ ಆಗ್ಯದರೀ ಮೇಡಂ," ಎಂದಿದ್ದ.

"ಎಷ್ಟು ಸಲ ಹೇಳ್ಬೇಕು ಮನೋಹರ್, ಮೇಡಂ ಅನ್ಬೇಡಿ ಅಂತ."

"ಹೂಂ ರೀ ಮೇಡಂ."

ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ನಿಂತಿದ್ದಾಗ ಕ್ಯಾನು ನೆನಪಾಯಿತು. ದ್ರಾವಕ ಬಹಳ ದಿನ ಪ್ಲಾಸ್ಟಿಕ್ಕಿನಲ್ಲಿದ್ದರೆ, ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆ ಅದಕ್ಕೆ ಇಳಿಯುತ್ತದೆ. ದ್ರಾವಕ ಆವಿಯಾದಾಗ ಗಿಡದಿಂದಲೇ ಬಂದದ್ದೇನೋ ಎಂಬಂತೆ ತಳದಲ್ಲಿ ಹೊಳೆಯುತ್ತದೆ. ಎಂಟು ವರ್ಷದ ಹಿಂದೆ ಮನೋಹರ ಅಂಥದ್ದನ್ನೇ ಹೊಸ ಔಷಧ ಎಂದು ನಂಬಿ ಎಲ್ಲರಿಗೂ ಪೇಢೆ ಹಂಚಿದ್ದ. ಪಕ್ಕದ ಕೋಣೆಯ ದತ್ತು ಈಗಲೂ ಮರಾಠಿಯಲ್ಲಿ ಅಣಕಿಸುತ್ತ "ಕಾಯ್ ಪ್ಲಾಸ್ಟಿಕ್‌ವಾಲೆ" ಎಂದೇ ಮಾತಾಡಿಸುತ್ತಾನೆ.

ಸಿಂಧೂರ ಬಳಸಿದ್ದು ಇದೇ ಕ್ಯಾನು. ಬರಿಯ ದ್ರಾವಕವನ್ನು ಆವಿ ಮಾಡಿ ನೋಡಿದ್ದಾಳೆಯೇ ಎಂದು ಅವಳ ನೋಟ್‌ಬುಕ್ ತಿರುವಿ ಹಾಕಿದ. ನೋಡಿರಲಿಲ್ಲ. ಫೋನ್ ಮಾಡಿ ಹೇಳಬಹುದಿತ್ತು. ಮಾಡಲಿಲ್ಲ.

ಫ್ಲಾಸ್ಕ್ ಒಣಗಿತು. ಬೆಳಕಿಗೆ ಹಿಡಿದಾಗ ತಳದಲ್ಲಿ ತೆಳ್ಳಗಿನ ಜಿಡ್ಡು ಕಂಡಿತು. ಬಿಳಿ ಲೇಪದ ಬೆರಳುದ್ದದ ತಗಡಿನ ಮೇಲೆ ಎಡಕ್ಕೆ ಆ ಜಿಡ್ಡಿನ ಒಂದು ಚುಕ್ಕೆ, ಬಲಕ್ಕೆ ಸಿಂಧೂರಳ ಸೀಸೆಯಿಂದ ಒಂದು ಚುಕ್ಕೆ ಇಟ್ಟು, ತಗಡಿನ ಬುಡವನ್ನು ದ್ರಾವಕದಲ್ಲಿ ಅದ್ದಿ ನಿಲ್ಲಿಸಿದ. ಎರಡೂ ಒಂದೇ ವಸ್ತುವಾಗಿದ್ದರೆ ಒಂದೇ ಎತ್ತರಕ್ಕೆ ಏರುತ್ತವೆ. ಆಮೇಲೆ ತಗಡನ್ನು ಒಣಗಿಸಿ, ಕಣ್ಣಿಗೆ ಕಾಣದ ಚುಕ್ಕೆಗಳು ಬಣ್ಣ ಹಿಡಿಯಲೆಂದು ಅಯೋಡಿನ್ ಹರಳುಗಳ ಬಾಟಲಿಯೊಳಗೆ ಇಳಿಬಿಟ್ಟ.

ಎಡಗಡೆ ಒಂದು ಕಂದು ಕಲೆ ಮೂಡಿತು. "ಬಂತು," ಎಂದು ಬಾಯಿಬಿಟ್ಟೇ ಹೇಳಿದ.

ಬಲಗಡೆಯದು ನಿಧಾನವಾಗಿ ಬಂತು, ಒಂದು ಉಗುರಿನಷ್ಟು ಕೆಳಗೆ. ತಗಡನ್ನು ಹೊರತೆಗೆದು ಓರೆಯಾಗಿ ಹಿಡಿದು ನೋಡಿದ. ಅಳತೆಪಟ್ಟಿ ಇಟ್ಟು ನೋಡಿದ. ಕೆಳಗೇ ಇತ್ತು. ಪ್ಲಾಸ್ಟಿಕ್ಕಿನ ಎತ್ತರದಲ್ಲಿ ಬಲಗಡೆ ಏನೂ ಇರಲಿಲ್ಲ. ಅವಳು ತೆಗೆದದ್ದು ಬೇರಿನದೇ.

ಬಾಗಿಲು ತೆರೆಯಿತು. "ಶನಿವಾರ ಬರೋ ಹುಚ್ಚಿ ನಾನೊಬ್ಳೇ ಅನ್ಕೊಂಡಿದ್ದೆ," ಎನ್ನುತ್ತ ಸಿಂಧೂರ ಒಳಗೆ ಬಂದಳು. ಮೇಜಿನ ಮೇಲೆ ಅವಳ ಸೀಸೆ ತೆರೆದಿತ್ತು, ನೋಟ್‌ಬುಕ್ ತೆರೆದಿತ್ತು, ಪಕ್ಕದಲ್ಲಿ ಕ್ಯಾನು. ಅವಳ ಮುಖದ ನಗು ಇಳಿಯಿತು.

"ಬರೀ ಸಾಲ್ವೆಂಟ್ ಓಡಿಸಿದ್ರಾ? ನಾನದನ್ನ ಮಾಡೇ ಇಲ್ಲ ಅಲ್ವಾ. ಏನ್ ಬಂತು?"

"ಕಲೆ ಬಂದದರೀ," ಎಂದ. ಅದು ಸುಳ್ಳಲ್ಲ.

"ಕ್ಯಾನಿಂದಾ?"

"ಹೌದ್ರಿ, ಕ್ಯಾನಿಂದ."

ಅವಳು ಬೆನ್ನಿನ ಬ್ಯಾಗನ್ನೂ ಇಳಿಸದೆ ಸ್ಟೂಲಿನ ಮೇಲೆ ಕೂತಳು. "ನಿನ್ನೆ ನಿಮ್ ಚಿಕ್ಕಮ್ಮಂಗೆ ಫೋನ್ ಮಾಡ್ಬಿಟ್ಟೆ ಮನೋಹರ್. ನಿಮ್ ಬೇರು ಕೆಲಸ ಮಾಡ್ತು ಅಂದೆ. ಎಷ್ಟ್ ನಕ್ರು ಗೊತ್ತಾ."

ಚಿಗವ್ವ ಅವನಿಗೆ ಅದನ್ನು ಹೇಳಿರಲಿಲ್ಲ. ಮನೋಹರ ತಗಡನ್ನು ಹಿಡಿದುಕೊಂಡೇ ನಿಂತಿದ್ದ. ಅಯೋಡಿನ್ನಿನ ಕಲೆಗಳು ಗಾಳಿಗೆ ಬಂದರೆ ಸ್ವಲ್ಪ ಹೊತ್ತಿಗೆಲ್ಲ ಹಾರಿಹೋಗುತ್ತವೆ. ಅವಳಿನ್ನೂ ತಗಡನ್ನು ನೋಡಿರಲಿಲ್ಲ; ನೆಲ ನೋಡುತ್ತಿದ್ದಳು. ಅವನು ಸುಮ್ಮನಿದ್ದರೆ ಸಾಕಿತ್ತು, ಸೋಮವಾರದ ಸಭೆ ನಿಲ್ಲುತ್ತಿತ್ತು. ಆ ತಗ್ಗಿದ ತಲೆಯನ್ನು ನೋಡುವುದು ಅವನಿಗೆ ಹಿತವೆನಿಸಿತು. ಎಷ್ಟು ಹೊತ್ತು ನೋಡಿದನೋ ಅವನಿಗೇ ತಿಳಿಯಲಿಲ್ಲ.

"ನಿಮ್ದು ಬ್ಯಾರೆ ಅದರೀ," ಎಂದ ಕೊನೆಗೆ. "ಕ್ಯಾನಿಂದು ಮ್ಯಾಲೆ ಹೋಗ್ಯದ. ನಿಮ್ದು ಕೆಳಗ ನಿಂತದ. ಸ್ವಚ್ಛ ಅದ."

ಸಿಂಧೂರ ತಲೆಯೆತ್ತಿದಳು. "ಅದನ್ನ ಮೊದ್ಲೇ ಹೇಳೋದಲ್ವಾ?" ಎಂದವಳ ಕಣ್ಣು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅವನ ಮುಖದ ಮೇಲೆ ನಿಂತಿತು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ನಂಗೋಸ್ಕರ ಮಾಡಿದ್ರಾ?"

ಬಲಗಡೆಯ ಕಲೆ ಆಗಲೇ ಮಾಸತೊಡಗಿತ್ತು. ಮನೋಹರ ಕೋಟಿನ ಜೇಬಿನಿಂದ ಪೆನ್ಸಿಲ್ ತೆಗೆದು, ಹಾರಿಹೋದರೂ ಗುರುತು ಉಳಿಯಲೆಂದು ಅದರ ಅಂಚಿನ ಗುಂಟ ಮೆಲ್ಲಗೆ ಗೆರೆ ಎಳೆಯತೊಡಗಿದ. ತಗಡು ಜಾರಿ ಗೆರೆ ಒಂದು ಕಡೆ ಒಳಕ್ಕೆ ಸರಿಯಿತು. ಅವಳು ಎದ್ದು ಬಂದು, ಅಲುಗದಂತೆ ತಗಡಿನ ತುದಿಯನ್ನು ಹಿಡಿದುಕೊಂಡಳು.