ಮೂರನೆಯ ಕೂಗು

ಆ ಪುಸ್ತಕಕ್ಕೆ ಮುಖಪುಟವೇ ಇರಲಿಲ್ಲ. ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಯಾರೋ ಬಿಟ್ಟುಹೋದದ್ದನ್ನು ಅಂಬರಾಯ ಶಹಾಬಾದಿಗೆ ತಂದಿದ್ದ. ಅವನು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಕಲ್ಲು ಸೀಳುವವನು, ಒಂಟಿ ಮನುಷ್ಯ. ನಾನು, ನೀಲಾಬಾಯಿ, ಅದೇ ಖಣಿಯ ಹತ್ತಿರ ಚಹಾದಂಗಡಿ ಇಟ್ಟವಳು. ನಮ್ಮ ಓಣಿಯಲ್ಲಿ ತಡವರಿಸದೆ ಓದುತ್ತಿದ್ದವನು ಅವನೊಬ್ಬನೇ. ಎಪ್ಪತ್ತೆರಡರ ಬೇಸಿಗೆಯಲ್ಲಿ ದಿನಾ ಸಂಜೆ, ಕೆಲಸ ಬಿಟ್ಟವರೆಲ್ಲ ಮೈಮೇಲಿನ ಕಲ್ಲುಪುಡಿ ಸಹ ಕೊಡವದೆ ನನ್ನ ಅಂಗಡಿಯ ಮುಂದೆ ಕೂತು ಕೇಳುತ್ತಿದ್ದರು.

ಕಥೆ ಇಷ್ಟು. ಒಂದು ಊರಿಗೆ ರೋಗ ಬಂದು ಎಲ್ಲರೂ ಸತ್ತು, ಸತ್ತವರೆಲ್ಲ ರಕ್ತ ಕುಡಿಯುವ ದೆವ್ವಗಳಾಗಿ ಎದ್ದಿದ್ದಾರೆ. ಉಳಿದ ಮನುಷ್ಯ ಒಬ್ಬನೇ. ಹೊತ್ತು ಮುಳುಗಿದರೆ ಹಳೆಯ ನೆರೆಯವರು ಅವನ ಬಾಗಿಲಿಗೆ ಬಂದು ಹೆಸರು ಹಿಡಿದು ಕರೆಯುತ್ತಾರೆ. ನಮಗೆ ಹೆದರಿಕೆಯೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು. ಒಳಗಿರುವ ಆ ಒಬ್ಬ ತಾನೇ ಎಂದು ಪ್ರತಿಯೊಬ್ಬರಿಗೂ ಅನಿಸುತ್ತಿತ್ತು. ಹೊರಗೆ ನಿಂತ ಗುಂಪಿನಲ್ಲಿ ತಾನಿದ್ದೇನೆಂದು ಯಾರಿಗೂ ಅನಿಸಲಿಲ್ಲ.

"ಆ ಮನಷ್ಯಾಗ ಹಿರೇರು ಯಾರೂ ಹೇಳಿಲ್ಲೇನು?" ಎಂದು ಕಲ್ಲು ಹೊರುವ ಮಹಾದೇವಮ್ಮ ಬೇಸರಪಟ್ಟುಕೊಂಡಳು. "ಸಂಜಿಮುಂದ ಕರದ್ರ ಮೂರನೇ ಸಲಕ್ಕೇ ಓ ಅನಬೇಕು. ದೆವ್ವ ಎರಡು ಸಲಕ್ಕಿಂತ ಹೆಚ್ಚು ಕರಿಯಂಗಿಲ್ಲ. ಮೂರು ಸಲ ಕರದಾವ ಮನಷ್ಯಾನೇ."

ನಾವೆಲ್ಲ ತಲೆಯಾಡಿಸಿದೆವು. ನಮ್ಮಲ್ಲಿ ಇದು ಕೂಸಿಗೂ ಗೊತ್ತು.

ಕೊನೆಯ ಹತ್ತು ಹಾಳೆ ಉಳಿದಿದ್ದಾಗ ಅಂಬರಾಯ ಓದುತ್ತ ಕೆಮ್ಮಿದ. ಪುಸ್ತಕದ ಮೇಲೆ ರಕ್ತ ಬಿತ್ತು. ಟಿ.ಬಿ. ಅಂದರು. ಗುಲಬರ್ಗಾದ ದವಾಖಾನೆಯಲ್ಲಿ ಹನ್ನೊಂದು ತಿಂಗಳು ಇದ್ದು, ರೋಗ ಪೂರಾ ಹೋಗಿದೆ ಎಂದು ಡಾಕ್ಟರು ಬರೆದ ಚೀಟಿ ಹಿಡಿದು ಬಂದ. ಚೀಟಿಯನ್ನು ಎಲ್ಲರಿಗೂ ತೋರಿಸಿದ. ನಾವು ಮುಟ್ಟದೆ ನೋಡಿದೆವು. ನಾನು ಅವನಿಗೆ ಚಹಾ ಕೊಟ್ಟು, ಆಮೇಲೆ ಆ ಕಪ್ಪನ್ನು ಬೇರೆ ಇಟ್ಟೆ. ಅದನ್ನು ಅವನು ನೋಡಿದ. ಮರುದಿನದಿಂದ ಬರಲಿಲ್ಲ.

ಸುಳ್ಳು ಯಾಕೆ ಹೇಳಲಿ, ನಮ್ಮನ್ನು ಕಾಡಿದ್ದು ಅವನ ಚಿಂತೆಯಲ್ಲ, ಅವನ ಹತ್ತಿರವೇ ಉಳಿದ ಆ ಹತ್ತು ಹಾಳೆ. ಒಂದು ಸಂಜೆ ಏಳೆಂಟು ಜನ ಅವನ ಮನೆಗೆ ಹೋದೆವು. ಬಾಗಿಲು ಮುಚ್ಚಿತ್ತು. ಕಲ್ಲಿನ ಗಾಡಿ ಹೊಡೆಯುವ ಅಬ್ದುಲ್ ಕರೀಮ್ "ಅಂಬರಾಯ" ಎಂದು ಕರೆದ. ಒಳಗೆ ಸದ್ದಿಲ್ಲ. ಮಹಾದೇವಮ್ಮ ಕರೆದಳು. ಕಲ್ಲುಪುಡಿ ಮೆತ್ತಿ ಎಲ್ಲರ ಮುಖವೂ ಬೆಳ್ಳಗಿತ್ತು, ಕಣ್ಣರೆಪ್ಪೆ ಕೂಡ. ನಾನು ಪಕ್ಕದವರನ್ನು ಒಬ್ಬೊಬ್ಬರನ್ನಾಗಿ ನೋಡಿದೆ. ಇದನ್ನು ನಾನು ಕೇಳಿದ್ದೆ, ನನ್ನ ಅಂಗಡಿಯ ಮುಂದೆಯೇ ಕೇಳಿದ್ದೆ. ಆದರೂ ಮೂರನೆಯ ಸಲ ನಾನು ಕರೆದೆ.

ಬಾಗಿಲು ತೆರೆಯಿತು. ನಾವೆಲ್ಲ ಒಟ್ಟಿಗೆ ಹಿಂದೆ ಸರಿದೆವು. ನನ್ನ ಸೆರಗು ಆಗಲೇ ಮೂಗಿನ ಮೇಲಿತ್ತು.

"ನನ್ನ ನೋಡ್ಲಿಕ್ಕ ಬಂದೀರಿ ಅಂತ ತಿಳಕೊಂಡೆ, ನೀಲಕ್ಕ," ಅಂದ ಅಂಬರಾಯ. "ಇರ್ಲಿ. ಅಲ್ಲೇ ನಿಂದರ್ರಿ, ಓದ್ತೀನಿ."

ಹೊಸ್ತಿಲಲ್ಲಿ ನಿಂತು ಓದಿದ. ಒಂದು ಸಂಜೆ ಆ ಮನುಷ್ಯನ ಬಾಗಿಲಿಗೆ ಯಾರೂ ಬರುವುದಿಲ್ಲ. ಮರುದಿನವೂ ಇಲ್ಲ. ಕರೆಯುವವರಿಲ್ಲದ ಮನೆಯಲ್ಲಿ ಇರಲಾರದೆ ಅವನೇ ಹೊರಗೆ ಬಂದು, ಒಂದೊಂದು ಮನೆಯ ಮುಂದೆ ನಿಂತು ಅವರ ಹೆಸರು ಹಿಡಿದು ಕರೆಯುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯಿತು.

"ಯಾರರೆ ಬಾಗ್ಲಾ ತೆಗದ್ರೋ ಇಲ್ಲೋ?" ಕರೀಮ್ ಕೇಳಿದ.

"ಅದು ಬರದಿಲ್ಲ, ಕರೀಮ್ ಭಾಯಿ," ಎಂದು ಅಂಬರಾಯ ಬಾಗಿಲು ಮುಚ್ಚಿಕೊಂಡ.

ಮರುದಿನ ದೀಪ ಹಚ್ಚುವ ಹೊತ್ತಿಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಓಣಿಯ ಆ ತುದಿಯಿಂದ ಹೆಸರುಗಳು ಕೇಳಿಸತೊಡಗಿದವು. ಕರೀಮ್ ಭಾಯಿ ಎಂದು ಮೂರು ಸಲ. ಮಹಾದೇವಮ್ಮ ಎಂದು ಮೂರು ಸಲ. ಎಲ್ಲಿಯೂ ಚಿಲಕದ ಸದ್ದಾಗಲಿಲ್ಲ. ಹೆಜ್ಜೆಗಳು ನನ್ನ ಬಾಗಿಲ ಮುಂದೆ ನಿಂತವು.

"ನೀಲಕ್ಕ."

ರೊಟ್ಟಿ ಬಡಿಯುವ ಕೈ ನಿಂತಿತು.

"ನೀಲಕ್ಕ."

ಎದ್ದು ಹೋಗಿ ಚಿಲಕದ ಮೇಲೆ ಕೈ ಇಟ್ಟೆ. ಇನ್ನೊಂದು ಸಲ ಕರೆಯದಿರಲಿ, ಹೊರಗೆ ನಿಂತದ್ದು ದೆವ್ವವೇ ಆಗಿರಲಿ ಎಂದು ದೇವರಲ್ಲಿ ಬೇಡಿಕೊಂಡೆ.

"ನೀಲಕ್ಕ."

ಮನುಷ್ಯನೇ. ಬೇಸಿಗೆ ಪೂರ್ತಿ ನಮಗೆ ಓದಿ ಹೇಳಿದ ದನಿ. ನಾನು ಚಿಲಕ ತೆಗೆಯಲಿಲ್ಲ.