ಕಲ್ಲವ್ವ ಎತ್ತಿ ಹಿಡಿದ ಬಾಗಿಲು

ಬೈಲಹೊಂಗಲದ ಮುರುಗೆಪ್ಪನವರು ಪುಣೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಹಿಡಿದು ಇಪ್ಪತ್ತು ವರ್ಷವಾದ ಮೇಲೆ, ೧೯೩೭ರಲ್ಲಿ, ಒಂದು ಹಳೆಯ ಕಾರು ಕೊಂಡರು. ನಡೆಸುವುದನ್ನೂ ತಾವೇ ಕಲಿತರು. ರವಿವಾರ ಮುಂಜಾನೆ ಹೆಂಡತಿ ಕಲ್ಲವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂಡ್ ಗಾರ್ಡನ್ನಿಗೆ ಹೋಗಿ, ಸ್ವಲ್ಪ ಹೊತ್ತು ನದಿ ನೋಡಿ ಬರುವುದು ರೂಢಿಯಾಯಿತು. ಹಿಂದಿನ ಸೀಟಿನಲ್ಲಿ ನೆರೆಮನೆಯ ಸಂಕಪ್ಪ ಮಾಸ್ತರರು ಇರುತ್ತಿದ್ದರು. ಅವರು ಕಡ್ಡಿಯಂತೆ ಒಣಕಲು ಮನುಷ್ಯ. ಕಲ್ಲವ್ವನದು ಮೈತುಂಬಿದ ಶರೀರ.

ಮಳೆಗಾಲ ಮುಗಿಯುವಷ್ಟರಲ್ಲಿ ಕಲ್ಲವ್ವನ ಬದಿಯ ಬಾಗಿಲು ಒಂದು ಬೆರಳಿನಷ್ಟು ಜೋತುಬಿತ್ತು. ಎತ್ತಿ ದೂಡಿದರೆ ಮಾತ್ರ ಚಿಲಕ ಕೂಡುತ್ತಿತ್ತು. ಅದೇ ಹೊತ್ತಿಗೆ ಕಲ್ಲವ್ವ ಕಾರು ಹತ್ತುವುದನ್ನೂ ಬಿಟ್ಟಳು. ಒಂದು ವಾರ ತಲೆನೋವು ಎಂದಳು, ಇನ್ನೊಂದು ವಾರ ಹಪ್ಪಳ ಒಣಹಾಕಿದೆ ಎಂದಳು. ಮುರುಗೆಪ್ಪ ನಂಬಿದರು.

ಒಂದು ಶನಿವಾರ ಅವರು ಅಂಗಡಿಯಿಂದ ಬೇಗ ಬಂದಾಗ, ವಾಡೆಯ ಬಾಗಿಲಲ್ಲಿ ಕಲ್ಲವ್ವ ಟಾಂಗಾದಿಂದ ಇಳಿಯುತ್ತಿದ್ದಳು. ಖಡಕಿಯಲ್ಲಿದ್ದ ತಂಗಿಯ ಮನೆಗೆ ಹೋಗಿ ಬಂದಿದ್ದಳು.

"ಮನ್ಯಾಗ ಕಾರ್ ಐತಿ. ಟಾಂಗಾ ಯಾಕ?"

"ಸುಮ್ನ."

"ಕಲ್ಲವ್ವಾ, ಖರೇ ಹೇಳು."

ಅವಳು ಸೆರಗಿನ ಅಂಚು ತಿರುವುತ್ತ ನಿಂತಳು. "ನಾ ಹತ್ತಿ ಇಳದು ಬಾಗ್ಲಾ ಜೋತು ಬಿದ್ದೈತಿ ಅಂತ ನೀವ ಅಂದ್ರೆಲ್ಲ, ಮಾಸ್ತರ್ ಮುಂದ. ಇಬ್ರೂ ನಕ್ರಿ. ಪೂರಾ ಮುರದು ಬಿದ್ದ ಮ್ಯಾಲೆ ಮತ್ತ ನಗೋದು ಬ್ಯಾಡಂತ ಹತ್ತೂದ ಬಿಟ್ಟೆ."

ಮುರುಗೆಪ್ಪನವರಿಗೆ ಆ ಮಾತು ಆಡಿದ್ದು ನೆನಪಾಯಿತು. ಆಡಿದ ಮರುಕ್ಷಣವೇ ಮರೆತಿದ್ದರು. ಅವಳು ಒಂದು ತಿಂಗಳು ಅದನ್ನು ಒಳಗೇ ಇಟ್ಟುಕೊಂಡು ಓಡಾಡಿದ್ದಳು. ಅವರು ಅವಳ ಕೈಯಲ್ಲಿದ್ದ ಚೀಲ ಇಸಿದುಕೊಂಡು ಒಳಗೆ ನಡೆದರು.

ಮರುದಿನ ಮುಂಜಾನೆ ಸ್ನಾನ, ಲಿಂಗಪೂಜೆ ಮುಗಿಸಿ ಅಂಗಳದಲ್ಲಿ ತಿರುಪುಳಿ ಹಿಡಿದು ಕೂತರು. ಚಿಲಕ ಕೂಡುವ ತಗಡನ್ನು ಬಿಚ್ಚಿ, ಬಾಗಿಲು ಜೋತುಬಿದ್ದಷ್ಟೇ ಕೆಳಗೆ ಸರಿಸಿದರು. ಚಿಲಕವೇನೋ ಕೂಡಿತು. ಆದರೆ ಬಾಗಿಲಿನ ಅಂಚು ಕೆಳಗೆ ಕರಕರ ತಿಕ್ಕಿ ಬಣ್ಣ ಕಿತ್ತಿತು.

ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ಕಲ್ಲವ್ವ ತಡೆಯಲಾರದೆ ಬಂದಳು. "ಅಲ್ಲೇನ್ ಮಾಡ್ತೀರಿ? ಜೋತು ಬಿದ್ದ ಬಾಗ್ಲಾ ಎತ್ತಬೇಕ್ರಿ. ಮ್ಯಾಲಿನ ಬಿಜಾಗರಿ ನೋಡ್ರಿ."

ಮುಂದಿನ, ಹಿಂದಿನ ಎರಡೂ ಬಾಗಿಲು ನಡುವಿನ ಒಂದೇ ಮರದ ಕಂಬಕ್ಕೆ ಬಿಜಾಗರಿಗಳಿಂದ ತೂಗುತ್ತಿದ್ದವು. ಮುಂದಿನ ಬಾಗಿಲಿನ ಮೇಲಿನ ಬಿಜಾಗರಿಯ ಸ್ಕ್ರೂಗಳು ಬರಿಗೈಗೇ ಕಿತ್ತು ಬಂದವು. ತೂತಿನಿಂದ ಕಪ್ಪು ಹುಡಿ ಉದುರಿತು. ಮಳೆಯ ನೀರು ಕಾರಿನ ಚಾವಣಿಯ ಸಂದಿನಿಂದ ಇಳಿದು ಕಟ್ಟಿಗೆಯನ್ನು ತಿಂದಿತ್ತು. ಮುರುಗೆಪ್ಪ ಆ ಹುಡಿಯನ್ನು ಅವಳ ಅಂಗೈಗೆ ಸುರಿದರು.

"ನೋಡು. ಇದು ನಿನ್ನ ಭಾರಕ್ಕ ಆಗಿದ್ದಲ್ಲ. ನೀರಿಗೆ."

"ನನ್ನ ಸಮಾಧಾನಕ್ಕ ಹೇಳ್ತೀರಿ."

"ಹಂಗಾರ ನೀನ ನೋಡು."

ಕಲ್ಲವ್ವ ಮಾಸ್ತರರು ಹತ್ತುವ ಹಿಂದಿನ ಬಾಗಿಲನ್ನು ತೆರೆದು ಕೆಳಗಿನಿಂದ ಎತ್ತಿ ನೋಡಿದಳು. ಅದೂ ಮೇಲಿನ ತುದಿಯಲ್ಲಿ ಲಟಪಟ ಅಲುಗಿತು. ಅವಳು ಬಾಯಿಗೆ ಸೆರಗು ಒತ್ತಿ ನಕ್ಕಳು.

"ಇದಕ್ಕ ಸಂಕಪ್ಪ ಮಾಸ್ತರ್ ಜೋತು ಬಿದ್ರೇನು?"

ಮುರುಗೆಪ್ಪನವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಮಂದಿ ಮುಂದ ಅಂದಿದ್ದು ಭಾಳ ತಪ್ಪಾತು. ಮಾಸ್ತರ ಮುಂದನ ಅಂತೀನಿ ಇದನ್ನ," ಎಂದರು.

"ಮೊದಲ ಕೆಲಸ ಮಾಡ್ರಿ," ಎಂದು ಅವಳು ಒಳಗೆ ಹೋದಳು. ಬರುವಾಗ ಎರಡು ತುಂಡಾದ, ಗಟ್ಟಿ ಶಿಸವಿ ಮರದ ಲಟ್ಟಣಿಗೆ ಅವಳ ಕೈಯಲ್ಲಿತ್ತು. ಅದನ್ನು ಸಣ್ಣ ಬೆಣೆಗಳಾಗಿ ಸೀಳಿದರು. ಮುರುಗೆಪ್ಪ ಗಟ್ಟಿ ಭಾಗ ಸಿಗುವವರೆಗೆ ಮೆತ್ತಗಾದ ಕಟ್ಟಿಗೆಯನ್ನು ಕೆರೆದು ತೆಗೆದು, ಬೆಣೆಗಳನ್ನು ಬಡಿದು ತುಂಬಿದರು. ಉದ್ದನೆಯ ಸ್ಕ್ರೂ ಹಚ್ಚುವಾಗ ಬಾಗಿಲನ್ನು ಸರಿಯಾದ ಎತ್ತರದಲ್ಲಿ ಹಿಡಿಯಬೇಕಿತ್ತು. ಕೆಳಗೆ ಮಣೆ, ಮಣೆಯ ಮೇಲೆ ಮಡಿಚಿದ ಕೌದಿ ಇಟ್ಟರೂ ಅರ್ಧ ಬೆರಳು ಸಾಲಲಿಲ್ಲ. ಕಲ್ಲವ್ವ ಕಚ್ಚೆ ಬಿಗಿದು ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಿಂದ ಬಾಗಿಲನ್ನು ಎತ್ತಿ ಹಿಡಿದಳು.

"ಸಾಕೇನ್ರಿ?"

"ಇನ್ನೊಂದೀಟು. ಹಾಂ! ಹಿಡಿ, ಬಿಡಬ್ಯಾಡ."

"ನೀವ್ ತಿರುವ್ರಿ, ನಾ ಬಿಡೂದಿಲ್ಲ."

ನಾಲ್ಕು ಸ್ಕ್ರೂ ಬಿಗಿಯುವವರೆಗೂ ಅವಳು ಬಾಗಿಲನ್ನು ಒಂದಿಷ್ಟೂ ಇಳಿಯಗೊಡಲಿಲ್ಲ. ಬೆವರಿಗೆ ಹಣೆಯ ವಿಭೂತಿ ಹರಿದಿತ್ತು. ಮುರುಗೆಪ್ಪ ತಮ್ಮ ಹೆಗಲ ಮೇಲಿನ ಅಂಗವಸ್ತ್ರದಿಂದ ಅದನ್ನು ಒರೆಸಿದರು. "ಯಾರರ ನೋಡ್ಯಾರು," ಎಂದು ಅವಳು ಮುಖ ಹಿಂದೆ ಸರಿಸಿದಳು, ಆದರೆ ತುಸು ತಡವಾಗಿ. ಚಿಲಕದ ತಗಡನ್ನು ಮೊದಲಿನ ಜಾಗಕ್ಕೇ ಮತ್ತೆ ಹಚ್ಚಿದರು. ಬಾಗಿಲು ಮೆಲ್ಲಗೆ ದೂಡಿದರೂ ಟಪ್ ಎಂದು ಕೂಡಿತು. ಕಲ್ಲವ್ವ ಐದಾರು ಸಲ ತೆಗೆದು ಹಾಕಿ ನೋಡಿದಳು.

ಸಪ್ಪಳ ಕೇಳಿ ಮಾಸ್ತರರು ಹೊರಬಂದರು. "ಏನ್ ಸಾವಕಾರ್ರ, ರಿಪೇರಿ ಆತೇನು?"

"ಆತ್ರಿ. ಮಳಿನೀರಿಗೆ ಕಟ್ಟಿಗಿ ಕೊಳತಿತ್ತು. ತಿಳೀದ ನಮ್ಮಾಕಿ ಮ್ಯಾಲೆ ಹಾಕಿದ್ದೆ. ಆಕಿ ಎತ್ತಿ ಹಿಡದಿದ್ದಕ್ಕ ಸರಿ ಆತು."

ಮಾಸ್ತರರು ತಲೆ ತಗ್ಗಿಸಿದರು. "ನಾನೂ ನಕ್ಕಿದ್ದೆ, ಅಕ್ಕಾ. ತಪ್ಪಾತು."

"ಇರಲಿ ಬರ್ರಿ, ಚಾ ಕುಡೀರಿ," ಎಂದಳು ಕಲ್ಲವ್ವ.

ಹಿಂದಿನ ಬಾಗಿಲಿನ ಕೆಲಸವನ್ನು ಮುಂದಿನ ರವಿವಾರಕ್ಕೆ ಬಿಟ್ಟು ಅದನ್ನು ಹಗ್ಗದಿಂದ ಕಟ್ಟಿದರು. ಚಹಾ ಮುಗಿದ ಮೇಲೆ ಗಂಡಹೆಂಡಿರಿಬ್ಬರೇ ಹೊರಟರು. ಎಲ್ಲಿಗೆ ಎಂದು ಮುರುಗೆಪ್ಪ ಕೇಳಿದರು. ನದಿ ಇನ್ನೊಂದು ದಿನ ನೋಡೋಣ, ತಂಗಿಗೆ ಕಾರು ತೋರಿಸಬೇಕು ಎಂದಳು. ಖಡಕಿ ಮುಟ್ಟುವವರೆಗೂ ಅವಳ ಮಾತು ನಿಲ್ಲಲಿಲ್ಲ. ಒಂದು ತಿಂಗಳ ಸುದ್ದಿ ಉಳಿದಿತ್ತು.